ಪುಟ ಸಂಖ್ಯೆ ಇಲ್ಲದ ಅಭಿಪ್ರಾಯ ಬೇಡ: ಕಾಮಿಕ್ಸ್ ಓದುಗರ ಚೀಟಿ ಪದ್ಧತಿ, ನನ್ನ ಅನುಭವ

"ಚೆನ್ನಾಗಿದೆ." "ಚಿತ್ರ ಸೂಪರ್." "ಕೊನೆಗೆ ಸ್ವಲ್ಪ ಎಳೆದಿದ್ದಾರೆ." ಕಾಮಿಕ್ಸ್ ಓದುವ ನಾಲ್ಕು ಜನ ಸೇರಿದರೆ ಹೊರಬೀಳುವ ಅಭಿಪ್ರಾಯ ಬಹುಪಾಲು ಇಷ್ಟೇ. ಇದನ್ನು ಕೇಳಿದವನಿಗೆ ಪುಸ್ತಕ ಕೊಳ್ಳಬೇಕೋ ಬೇಡವೋ ತಿಳಿಯುವುದಿಲ್ಲ. ಆಗಲೇ ಓದಿದವನಿಗೆ ಮಾತು ಮುಂದುವರಿಸಲು ಹಿಡಿ ಸಿಗುವುದಿಲ್ಲ. ಕೈಯಿಂದ ಕೈಗೆ ಸುತ್ತುವ ಪುಸ್ತಕದ ಜತೆಗೇ ಅಭಿಪ್ರಾಯ ಬರೆಯುವ ಒಂದು ಚೀಟಿಯೂ ಸುತ್ತಲಿ ಎಂದು ನಾನು ಹೇಳಿದಾಗ ನಮ್ಮ ಓದುಗರ ಗುಂಪಿನಲ್ಲಿ ಹೆಚ್ಚಿನವರು ಮೂಗು ಮುರಿದರು. ಬರೆಯುವ ಉಸಾಬರಿ ಬಂದರೆ ಓದುವ ಖುಷಿಯೇ ಹೋಗುತ್ತದೆ, ಎರಡು ತಿಂಗಳಲ್ಲಿ ನಿಂತುಹೋಗುತ್ತದೆ ಅಂದರು. ಈಗ ಎರಡು ವರ್ಷ ದಾಟಿತು. ನೆನಪಿನ ಲೆಕ್ಕದಲ್ಲಿ 130 ಪುಸ್ತಕ ಸುತ್ತಿವೆ, ಚೀಟಿ 700ರ ಆಸುಪಾಸು. ಆರರಿಂದ ಮೂರಕ್ಕೆ ಇಳಿದಿದ್ದ ಗುಂಪಿನಲ್ಲಿ ಈಗ ಹನ್ನೊಂದು ಜನ. ಮೂಗು ಮುರಿದವರೇ ಈಗ ಪುಸ್ತಕ ಕೈಗೆ ಬಂದ ಕೂಡಲೇ ಖಾಲಿ ಚೀಟಿ ಎಲ್ಲಿ ಅಂತ ಕೇಳುತ್ತಾರೆ.

ಚೀಟಿಯ ಅಳತೆ ಎ4 ಹಾಳೆಯ ಕಾಲು ಭಾಗ. ಇದಕ್ಕಿಂತ ದೊಡ್ಡದು ಬೇಡವೇ ಬೇಡ. ಮೊದಲು ಪೂರ್ತಿ ಹಾಳೆ ಕೊಟ್ಟು ನೋಡಿದ್ದೆ, ಹತ್ತರಲ್ಲಿ ಎಂಟು ಖಾಲಿಯೇ ವಾಪಸು ಬಂದವು. ಜಾಗ ಕಂಡರೆ ಜನ ಕತೆಯ ಸಾರಾಂಶ ಬರೆಯಲು ಹೋಗುತ್ತಾರೆ, ಅರ್ಧಕ್ಕೆ ಬಿಡುತ್ತಾರೆ. ಕಾಲು ಹಾಳೆಯಲ್ಲಿ ನಾಲ್ಕು ಸಾಲು: ಆವೃತ್ತಿ, ನಿಂತ ಪುಟ, ಜಾರಿದ ಪುಟ, ಮುಂದಿನ ಸಂಪುಟ ಬೇಕೋ ಬೇಡವೋ. ಅಷ್ಟೇ. ಬರೆದಾದ ಮೇಲೆ ಚೀಟಿ ಹಿಂದಿನ ಹೊದಿಕೆಗೆ ತಾಗಿ ಇಟ್ಟ ಕವರಿನೊಳಗೆ. ತನ್ನದು ಬರೆಯುವ ಮೊದಲು ಇನ್ನೊಬ್ಬರದು ತೆಗೆಯುವಂತಿಲ್ಲ. ಈ ಒಂದು ಕಟ್ಟಳೆ ಸಡಿಲಿಸಿದ ತಿಂಗಳು ಐದು ಚೀಟಿಯಲ್ಲೂ ಒಂದೇ ಪುಟ ಸಂಖ್ಯೆ ಬಂತು. ಮೊದಲು ಬರೆದವರ ಕಣ್ಣಿನಲ್ಲೇ ಉಳಿದವರು ನೋಡಿದ್ದರು.

ಆವೃತ್ತಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಬ್ಯಾಟ್‌ಮನ್ ಕತೆ 'ದ ಕಿಲ್ಲಿಂಗ್ ಜೋಕ್' ತೆಗೆದುಕೊಳ್ಳಿ. 1988ರಲ್ಲಿ ಮೊದಲು ಬಂದಾಗ ಬಣ್ಣ ಜಾನ್ ಹಿಗಿನ್ಸ್ ಅವರದು, ಕಣ್ಣಿಗೆ ರಾಚುವ ಹಳದಿ, ಕಿತ್ತಳೆ, ನೇರಳೆ. 2008ರ ಆವೃತ್ತಿಗೆ ಚಿತ್ರಕಾರ ಬ್ರಯನ್ ಬೊಲ್ಯಾಂಡ್ ತಾವೇ ಹೊಸದಾಗಿ ಬಣ್ಣ ಹಾಕಿದರು. ಅದರಲ್ಲಿ ಹಿಂದಿನ ನೆನಪಿನ ದೃಶ್ಯಗಳು ಬೂದು, ಅಲ್ಲಲ್ಲಿ ಒಂದೊಂದು ವಸ್ತು ಮಾತ್ರ ಕೆಂಪು. ಗೆರೆ ಹೆಚ್ಚುಕಡಿಮೆ ಅದೇ, ಮಾತು ಅದೇ, ಓದಿದ ಅನುಭವ ಬೇರೆ. ಒಬ್ಬರು ಅಬ್ಬರ ಹೆಚ್ಚಾಯಿತು ಅನ್ನುತ್ತಾರೆ, ಇನ್ನೊಬ್ಬರು ತಣ್ಣಗಿದೆ ಅನ್ನುತ್ತಾರೆ. ಇಬ್ಬರದೂ ಸರಿ, ಇಬ್ಬರ ಕೈಯಲ್ಲಿರುವುದು ಬೇರೆ ಬೇರೆ ಪುಸ್ತಕ. ಜಪಾನಿ ಕಾಮಿಕ್ಸ್, ಅಂದರೆ ಮಾಂಗಾ, 'ಅಕಿರಾ'ದ ವಿಷಯ ಇನ್ನೂ ದೂರ ಹೋಗುತ್ತದೆ. 1988ರಲ್ಲಿ ಅದು ಇಂಗ್ಲಿಷಿನಲ್ಲಿ ಶುರುವಾದಾಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಪುಟಗಳನ್ನು ಕನ್ನಡಿಯಂತೆ ಮಗುಚಿ, ಎಡದಿಂದ ಬಲಕ್ಕೆ ಓದುವ ಹಾಗೆ ಅಚ್ಚು ಹಾಕಿದರು. 2017ರ ಪೆಟ್ಟಿಗೆ ಆವೃತ್ತಿ ಮೂಲದಂತೆ ಬಲದಿಂದ ಎಡಕ್ಕೆ. ಮಗುಚಿದ ಮಾಂಗಾದಲ್ಲಿ ಬಲಗೈಯವರೆಲ್ಲ ಎಡಗೈಯವರಾಗುತ್ತಾರೆ. ಎಡಕ್ಕೆ ಓಡುತ್ತಿದ್ದ ಬೈಕು ಬಲಕ್ಕೆ ಓಡುತ್ತದೆ. ವೇಗದ ಬಗ್ಗೆ ಬರೆಯುವವರು ಯಾವ ದಿಕ್ಕಿನ ಪುಸ್ತಕ ಓದಿದರು ಅನ್ನುವುದು ಗೊತ್ತಿಲ್ಲದೆ ಆ ಅಭಿಪ್ರಾಯಕ್ಕೆ ಅರ್ಥವಿಲ್ಲ.

ಬೈಂಡಿಂಗನ್ನೂ ಆ ಸಾಲಿನಲ್ಲೇ ಬರೆಯಿರಿ. ಬೆನ್ನಿಗೆ ಅಂಟು ಹಾಕಿದ ದಪ್ಪ ಸಂಪುಟದಲ್ಲಿ ಜೋಡಿಪುಟದ ಚಿತ್ರದ ನಡುಭಾಗ ಸಂದಿಗೆ ಹೋಗುತ್ತದೆ. ಮುಖವೋ ಕೈಯೋ ಅಲ್ಲಿದ್ದರೆ ಮುಗಿಯಿತು. ಹೊಲಿದ ಬೈಂಡಿಂಗ್ ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಬಿಡಿ ಸಂಚಿಕೆಯ ಪಿನ್ನೂ ಪರವಾಗಿಲ್ಲ. "ಸಂಯೋಜನೆ ಇಕ್ಕಟ್ಟು" ಎಂದು ಬಂದ ದೂರುಗಳಲ್ಲಿ ಮೂರನೇ ಒಂದು ಪಾಲಾದರೂ ಚಿತ್ರಕಾರನ ತಪ್ಪಲ್ಲ, ಅಂಟಿನ ತಪ್ಪು.

ನಿಂತ ಪುಟ ಅಂದರೆ ಕಣ್ಣು ತಾನಾಗಿ ನಿಂತ ಜಾಗ. ಪುಟ, ಚೌಕ (ಪುಟದೊಳಗಿನ ಒಂದೊಂದು ಚಿತ್ರದ ಚೌಕಟ್ಟು), ಯಾಕೆ ನಿಂತಿತು ಎಂದು ಒಂದು ವಾಕ್ಯ. 'ವಾಚ್‌ಮೆನ್' ಸುತ್ತಿದಾಗ ಬಂದ ಒಂದು ಚೀಟಿ ಈಗಲೂ ನನ್ನ ಹತ್ತಿರ ಇದೆ: "5ನೇ ಅಧ್ಯಾಯ, 14-15. ಎಡಗಡೆಯ ಚೌಕ ಹೇಗೋ ಬಲಗಡೆ ಹಾಗೇ. ಹಿಂದಕ್ಕೆ ಹೋದೆ. 13-16, 12-17, ಎಲ್ಲ ಜೋಡಿ." ಅಷ್ಟೇ. ಕತೆಯ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಓದಿದ ಮೇಲೆ ಉಳಿದವರು ಆ ಅಧ್ಯಾಯವನ್ನು ನಡುವಿನಿಂದ ಎರಡೂ ಕಡೆಗೆ ಬಿಡಿಸುತ್ತ 1 ಮತ್ತು 28ನೇ ಪುಟದವರೆಗೆ ಹೋದರು. ಕತೆ ಬರೆದ ಅಲನ್ ಮೂರ್ ಮತ್ತು ಚಿತ್ರ ಬರೆದ ಡೇವ್ ಗಿಬ್ಬನ್ಸ್ ಇಡೀ ಅಧ್ಯಾಯವನ್ನು ಕನ್ನಡಿಯ ಹಾಗೆ ಕಟ್ಟಿದ್ದಾರೆ. ಪುಟಕ್ಕೆ ಮೂರು ಸಾಲು ಮೂರು ಕಂಬದ ಒಂಬತ್ತು ಚೌಕದ ಅಚ್ಚು ಗಟ್ಟಿಯಾಗಿ ಹಿಡಿದುಕೊಂಡಿದ್ದರಿಂದಲೇ ಆ ಜೋಡಣೆ ಸಾಧ್ಯವಾಯಿತು. ಹತ್ತು ಸಾಲಿನ ಹೊಗಳಿಕೆ ಮಾಡದ ಕೆಲಸವನ್ನು ಎರಡು ಪುಟ ಸಂಖ್ಯೆ ಮಾಡಿದವು.

ನನಗೆ ಹೆಚ್ಚು ಬೆಲೆಬಾಳುವುದು ಮೂರನೇ ಸಾಲು, ಜಾರಿದ ಪುಟ. ಓದುತ್ತ ಓದುತ್ತ ಏನೋ ತಪ್ಪಿತು ಅನ್ನಿಸಿ ಹಿಂದೆ ಬಂದ ಜಾಗ. ಹೆಚ್ಚಿನವರು ಇದನ್ನು ತಮ್ಮ ಗಮನ ತಪ್ಪಿದ್ದು ಅಂತ ಬಿಟ್ಟುಬಿಡುತ್ತಾರೆ, ಬಿಡಬಾರದು. ನಾಲ್ಕೈದು ಜನ ಒಂದೇ ಪುಟದಲ್ಲಿ ಜಾರಿದರೆ ತಪ್ಪು ಪುಟದ್ದೇ. ಸಾಮಾನ್ಯ ಕಾರಣಗಳು ಬೆರಳೆಣಿಕೆಯಷ್ಟು. ಎಡಗಡೆ ಒಂದರ ಕೆಳಗೊಂದು ಎರಡು ಚೌಕ, ಬಲಗಡೆ ಎರಡರಷ್ಟು ಎತ್ತರದ ಒಂದು ಚೌಕ ಇದ್ದರೆ, ಮೇಲಿನ ಚೌಕದಿಂದ ಕೆಳಕ್ಕೆ ಇಳಿಯಬೇಕೋ ಬಲಕ್ಕೆ ಹೋಗಬೇಕೋ ಎಂದು ಕಣ್ಣು ತಡವರಿಸುತ್ತದೆ. ಪಳಗಿದವರು ಮೇಲಿನ ಚೌಕದ ಕೊನೆಯ ಬಲೂನನ್ನು (ಪಾತ್ರದ ಮಾತು ಬರೆಯುವ ಗುಳ್ಳೆ) ಕೆಳಗಿನ ಚೌಕದ ಅಂಚಿನ ಮೇಲೆ ಕೂರಿಸಿ ಕಣ್ಣನ್ನು ಅದೇ ಮೆಟ್ಟಿಲಿನಿಂದ ಇಳಿಸುತ್ತಾರೆ. ಇನ್ನೊಂದು ಕಾರಣ, ಮೊದಲು ಮಾತಾಡುವವನು ಬಲಗಡೆ ನಿಂತಿರುವುದು. ಆಗ ಅವನ ಬಲೂನನ್ನು ಮೇಲಕ್ಕೆ ಎತ್ತಬೇಕು, ಜಾಗ ಸಾಲದೆ ಬಲೂನಿನ ಬಾಲ ಇನ್ನೊಬ್ಬನ ತಲೆ ಹಾದುಹೋಗುತ್ತದೆ. ಇದು ಅಕ್ಷರ ಕೂರಿಸಿದವರ ತಪ್ಪಲ್ಲ, ಪೆನ್ಸಿಲ್ ಹಂತದಲ್ಲೇ ಆದ ತಪ್ಪು. ಎರಡು ಪಾತ್ರಗಳನ್ನು ಬರೀ ಕೂದಲಿನ ಬಣ್ಣದಿಂದ ಬೇರೆ ಮಾಡಿ, ರಾತ್ರಿಯ ದೃಶ್ಯದಲ್ಲಿ ಇಡೀ ಪುಟಕ್ಕೆ ನೀಲಿ ಬಳಿದರೂ ಹೀಗೇ ಆಗುತ್ತದೆ.

ಅದಕ್ಕೇ ಎರಡು ಸುತ್ತು ಓದಬೇಕು. ಮೊದಲನೆಯದು ಎಲ್ಲರೂ ಓದುವ ಹಾಗೆ. ಎರಡನೆಯದು ಮಾತು ಬಿಟ್ಟು, ಚಿತ್ರ ಮಾತ್ರ. ಮಾತಿಲ್ಲದೆ ಕಣ್ಣು ಸರಾಗ ಹರಿದರೆ ತಪ್ಪು ಬಲೂನಿನದು, ಆಗಲೂ ತಡವರಿಸಿದರೆ ಚಿತ್ರದ್ದು. 22 ಪುಟದ ಸಂಚಿಕೆಗೆ ಹತ್ತು ನಿಮಿಷ ಸಾಕು. ಬಲೂನು ಮುಚ್ಚಲು ನಾನು ಕಾಗದದ ಪಟ್ಟಿ ಕತ್ತರಿಸಿ ಇಟ್ಟು ನೋಡಿದೆ, ಪ್ರತಿ ಪುಟಕ್ಕೂ ಜೋಡಿಸುವುದರಲ್ಲೇ ತಾಳ್ಮೆ ಮುಗಿಯಿತು. ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿಯುವುದು ಸುಲಭ. ಅಕ್ಷರ ಬರೀ ಗೆರೆಯಾಗುತ್ತದೆ, ಕಪ್ಪು ಎಲ್ಲಿ ಒತ್ತಾಗಿದೆ ಅನ್ನುವುದು ಎದ್ದು ಕಾಣುತ್ತದೆ. ಎರಡನೇ ಸುತ್ತಿನಲ್ಲಿ ಪುಟಗಳನ್ನು ಯಾವ ಕ್ರಮದಲ್ಲಿ ತಿರುವಬೇಕು ಅನ್ನುವುದಕ್ಕೂ ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗುಂಪಿನವರಿಗೂ ಹೇಳಿಲ್ಲ.

ಸೋತ ಪ್ರಯೋಗಗಳಲ್ಲಿ ಮೊದಲನೆಯದು ನಕ್ಷತ್ರ. ಐದಕ್ಕೆ ಎಷ್ಟು ಎಂದು ಕೇಳಿದರೆ ಎಲ್ಲಕ್ಕೂ ನಾಲ್ಕು ಬರುತ್ತದೆ. ಹತ್ತಕ್ಕೆ ಏರಿಸಿದೆ, ಎಲ್ಲಕ್ಕೂ ಏಳೂವರೆ ಬಂತು. ಎರಡನೆಯದು ಪುಟದ ಫೋಟೊ ತೆಗೆದು ಕಳಿಸುವುದು. ಅಚ್ಚಿನ ಚುಕ್ಕಿಗೂ ಕ್ಯಾಮೆರಾದ ಜಾಲರಿಗೂ ತಾಳೆಯಾಗದೆ ಆಕಾಶದಲ್ಲೆಲ್ಲ ಅಲೆಯಂಥ ಪಟ್ಟೆ ಮೂಡುತ್ತದೆ, ಬೆನ್ನಿನ ಹತ್ತಿರ ಪುಟ ಬಾಗಿ ಅರ್ಧ ಬಲೂನು ಮಾಯವಾಗುತ್ತದೆ, ಅದರ ಮೇಲೆ ಕತೆಯ ಗುಟ್ಟೂ ಬಯಲಾಗುತ್ತದೆ. ಮೂರನೆಯದು ಟ್ಯಾಬ್ಲೆಟ್‌ನಲ್ಲಿ ಚೌಕದಿಂದ ಚೌಕಕ್ಕೆ ತಾನೇ ಸರಿಯುವ ಓದು. ಅದರಲ್ಲಿ ಪುಟ ಅನ್ನುವುದೇ ಕಾಣುವುದಿಲ್ಲ. ಚೌಕ ದೊಡ್ಡದೋ ಚಿಕ್ಕದೋ ಪರದೆ ಒಂದೇ ಅಳತೆಗೆ ಹಿಗ್ಗಿಸುತ್ತದೆ. ಟಿನ್‌ಟಿನ್‌ನಂಥ ಪುಸ್ತಕಕ್ಕೆ ಇದು ದೊಡ್ಡ ಅನ್ಯಾಯ. ಪತ್ರಿಕೆಯಲ್ಲಿ ಕಂತಾಗಿ ಬಂದು ಆಮೇಲೆ 62 ಪುಟದ ಆಲ್ಬಂ ಆದ ಕತೆಗಳವು. ಪುಟದ ಕೆಳಗಿನ ಬಲಮೂಲೆಯ ಚೌಕದಲ್ಲಿ ಒಂದು ಕೊಕ್ಕೆ ಇರುತ್ತದೆ, ಉತ್ತರಕ್ಕೆ ಪುಟ ತಿರುವಬೇಕು. ತಿರುವುವ ಕೈಯೇ ಇಲ್ಲದ ಮೇಲೆ ಕೊಕ್ಕೆ ಯಾರನ್ನು ಹಿಡಿಯುತ್ತದೆ? ಪರದೆಯಲ್ಲಿ ಓದುವುದಾದರೆ ಪೂರ್ತಿ ಪುಟ ಕಾಣುವಂತೆ ಇಟ್ಟೇ ಓದಬೇಕು.

ದುಡ್ಡಿನ ವಿಷಯದಲ್ಲಿ ಕೈ ಚೆನ್ನಾಗಿ ಸುಟ್ಟುಕೊಂಡೆ. ಎಲ್ಲರೂ ಒಟ್ಟಿಗೆ ಓದಲಿ ಎಂದು ಒಂದೇ ಪುಸ್ತಕದ ಆರು ಪ್ರತಿ ತರಿಸಿದೆ, ಆಮೇಲೆ ಮಾರಲು ಹೋದರೆ ಕೊಟ್ಟ ಬೆಲೆಯ ಮೂರನೇ ಒಂದು ಪಾಲೂ ಹುಟ್ಟಲಿಲ್ಲ. ಈಗ ಒಂದು ಪುಸ್ತಕಕ್ಕೆ ಒಂದೇ ಪ್ರತಿ, ಒಬ್ಬರಿಗೆ ನಾಲ್ಕು ದಿನ. ಆರು ಜನ ಓದುವುದಕ್ಕೆ 24 ದಿನ, ತಡವಾದರೂ ತಿಂಗಳೊಳಗೆ ಸುತ್ತು ಮುಗಿಯುತ್ತದೆ. ಇನ್ನೊಂದು ಸೋರಿಕೆ ಮೊದಲ ಸಂಪುಟಗಳದು. ಎಲ್ಲ ಸರಣಿಗಳ ಒಂದನೇ ಸಂಪುಟ ಕೊಂಡು ಗುಡ್ಡೆ ಹಾಕಿದರೆ ಎರಡನೆಯದಕ್ಕೆ ದುಡ್ಡು ಇರುವುದಿಲ್ಲ. ಮೊದಲ ವರ್ಷದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಯಾರೂ ಮುಂದುವರಿಸದ ಸರಣಿಗಳಿಗೇ ಹೋಯಿತು. ಚೀಟಿಯ ನಾಲ್ಕನೇ ಸಾಲು ಹುಟ್ಟಿದ್ದೇ ಇದರಿಂದ. ಓದಿದವರಲ್ಲಿ ಅರ್ಧದಷ್ಟು ಜನ "ಬೇಕು" ಎಂದು ಬರೆಯದಿದ್ದರೆ ಎರಡನೇ ಸಂಪುಟ ಕೊಳ್ಳುವುದಿಲ್ಲ. "ನೋಡೋಣ" ಎಂದು ಬರೆದರೆ ಅದನ್ನು ಬೇಡ ಎಂದೇ ಎಣಿಸುತ್ತೇನೆ. ಎರಡನೇ ವರ್ಷ ಖರ್ಚು ಸುಮಾರು ಮೂರನೇ ಒಂದರಷ್ಟು ಇಳಿಯಿತು, ಓದಿದ ಪುಸ್ತಕ ಹೆಚ್ಚಾಯಿತು.

ಪುಸ್ತಕ ಹಾಳಾದರೆ ಅದೂ ದುಡ್ಡೇ. ಅಂಟುವ ಬಣ್ಣದ ಚೀಟಿ ಪುಟಕ್ಕೆ ಹಚ್ಚಬೇಡಿ, ತಿಂಗಳು ಬಿಟ್ಟು ಕಿತ್ತರೆ ಜಿಗುಟು ಉಳಿಯುತ್ತದೆ, ಹಳೆಯ ಒರಟು ಕಾಗದವಾದರೆ ಮೇಲ್ಪದರವೇ ಎದ್ದುಬರುತ್ತದೆ. ಲೋಹದ ಕ್ಲಿಪ್ಪು ತುಕ್ಕು ಬಿಡುತ್ತದೆ. ಪುಸ್ತಕದ ಮೇಲೆ ಚೀಟಿ ಇಟ್ಟು ಬರೆದರೆ ಬಾಲ್ ಪೆನ್ನಿನ ಒತ್ತು ಹೊದಿಕೆಯ ಮೇಲೆ ಮೂಡುತ್ತದೆ. ಬೆಳಕಿಗೆ ಓರೆ ಹಿಡಿದರೆ ಇಡೀ ವಾಕ್ಯ ಓದಬಹುದು, ಅಷ್ಟು ಆಳ. ಮೇಜಿನ ಮೇಲೆ, 2ಬಿ ಪೆನ್ಸಿಲಿನಲ್ಲಿ ಬರೆಯಿರಿ. ಚೀಟಿಗೆ ನ್ಯೂಸ್‌ಪ್ರಿಂಟ್ ಕಾಗದ ಬಳಸಿದರೆ ಅದರ ಆಮ್ಲ ಪಕ್ಕದ ಪುಟಕ್ಕೆ ಹತ್ತಿ ಚೀಟಿಯದೇ ಆಕಾರದ ಕಂದು ಕಲೆ ಬೀಳುತ್ತದೆ.

ನಡುವೆ ಒಂದು ಬೇರೆ ಪ್ರಯೋಗಕ್ಕೂ ಕೈಹಾಕಿದೆ. ಜಾರಿದ ಪುಟಗಳ ಬಲೂನುಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಎತ್ತಿಕೊಂಡು, ಒಳಗೆ ಕನ್ನಡ ತುಂಬಿ ನೋಡುವುದು. ಇಂಗ್ಲಿಷ್ ಕಾಮಿಕ್ಸಿನ ಅಕ್ಷರ ಸಾಮಾನ್ಯವಾಗಿ ಎಲ್ಲ ಒಂದೇ ಎತ್ತರದ ದೊಡ್ಡಕ್ಷರ, ಸಾಲುಗಳ ನಡುವೆ ಕೂದಲೆಳೆ ಜಾಗ ಸಾಕು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. "ರಾಷ್ಟ್ರ"ದಂಥ ಪದ ಬಂದರೆ ಕೆಳಗಿನ ಸಾಲಿನ ತಲೆಗೇ ತಾಗುತ್ತದೆ. ನಾಲ್ಕು ಸಾಲು ಹಿಡಿಯುತ್ತಿದ್ದ ಬಲೂನಿನಲ್ಲಿ ಅದೇ ಗಾತ್ರದ ಕನ್ನಡ ಅಕ್ಷರ ಎರಡೂವರೆ ಸಾಲು ಹಿಡಿದರೆ ಹೆಚ್ಚು. ಆದರೆ ಕ್ರಿಯಾಪದ ನಮ್ಮನ್ನು ಕಾಯುತ್ತದೆ. "ಬರ್ತೀನಿ" ಅಂದರೆ ಯಾರು ಬರುವುದು ಅನ್ನುವುದು ಅದರಲ್ಲೇ ಇದೆ, "ನಾನು" ಬೇಕಿಲ್ಲ. "ಹೋಗಬೇಕಾಗಿತ್ತು" ಎಂಬುದು "ಹೋಗ್ಬೇಕಿತ್ತು" ಆದರೆ ಮಾತೂ ಬಾಯಿಗೆ ಹತ್ತಿರ, ಜಾಗವೂ ಉಳಿತಾಯ. ಉದ್ದ ಪದ ನಡುವಿನ ಸಾಲಿಗೆ, ಗಿಡ್ಡ ಪದ ಮೇಲಕ್ಕೂ ಕೆಳಕ್ಕೂ ಬರುವಂತೆ ವಾಕ್ಯವನ್ನು ತಿರುಗಿಸಿದರೆ ದುಂಡು ಬಲೂನು ತುಂಬಿ ಕಾಣುತ್ತದೆ. ಮಾಂಗಾದ್ದು ಮಾತ್ರ ಬಗೆಹರಿಯಲಿಲ್ಲ. ಜಪಾನಿ ಅಕ್ಷರ ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಬಲೂನು ಎತ್ತರ, ಅಗಲ ಕಡಿಮೆ. ನಮ್ಮ ಪದ ಅದರಲ್ಲಿ ಎರಡು ಅಕ್ಷರಕ್ಕೊಮ್ಮೆ ಮುರಿಯುತ್ತದೆ. ಆರೇಳು ಪುಟ ಮಾಡಿ ನಿಲ್ಲಿಸಿದೆ.

ಸದ್ಯ ತಲೆನೋವಾಗಿರುವುದು ಫೋನಿನಲ್ಲಿ ಮೇಲಿಂದ ಕೆಳಕ್ಕೆ ಜಾರಿಸಿ ಓದುವ ವೆಬ್‌ಟೂನ್. ಅದಕ್ಕೆ ಪುಟವೇ ಇಲ್ಲ, ನಿಂತ ಪುಟ ಅಂತ ಏನು ಬರೆಯುವುದು? ಮೊದಲು ಎಷ್ಟನೇ ಸಲ ಬೆರಳು ಜಾರಿಸಿದಾಗ ಎಂದು ಎಣಿಸಲು ಹೇಳಿದೆ. ಒಬ್ಬೊಬ್ಬರ ಬೆರಳಿನ ಓಟ ಒಂದೊಂದು ಥರ, ಒಬ್ಬರ 18 ಇನ್ನೊಬ್ಬರ 31. ಈಗ ಕಂತಿನ ಸಂಖ್ಯೆ ಬರೆದು, ನಿಂತ ಜಾಗದ ಬಲೂನಿನ ಮೊದಲ ಎರಡು ಪದ ಬರೆಯುವುದು ಎಂದು ಮಾಡಿದ್ದೇವೆ. ಇದು ಪರವಾಗಿಲ್ಲ, ಒಂಬತ್ತು ಕಂತಿಗೆ ಸರಿಯಾಗಿ ನಡೆದಿದೆ. ಮಾತೇ ಇಲ್ಲದ ಉದ್ದನೆಯ ಬಿಳಿ ಜಾಗದಲ್ಲಿ ಕಣ್ಣು ನಿಂತರೆ ಏನು ಬರೆಯಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸುತ್ತಿಗೆ, ಹಿಂದಿನ ಬಲೂನಿನಿಂದ ಎಷ್ಟು ಪರದೆ ಕೆಳಗೆ ಎಂದು ಬರೆಸಿ ನೋಡುತ್ತೇನೆ.