ಮಲಗಿದ ಸೆನ್ಸರ್‌ಗೆ ಕಮಾಂಡ್ ಕೊಟ್ಟ ಕಥೆ

"ಸಿಗ್ನಲ್ಲೇ ಇಲ್ಲದ ತೋಟಕ್ಕೆ ರಿಮೋಟ್ ಎಂಥದು ಮಾರಾಯಾ?" ಅಂತ ಚಿಕ್ಕಪ್ಪ ನಕ್ಕಿದ್ದರು. ಈಗ ಅವರ ತೋಟದ ವಾಲ್ವೂ ನನ್ನ ಬೋರ್ಡಿನ ಮೇಲೇ ನಡೀತಿದೆ.

ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಮನೆಯಿಂದ ಅಂದಾಜು 600 ಮೀಟರ್ ದೂರ, ಕೆಳಗಡೆ. ಮಣ್ಣಿನ ತೇವಾಂಶ ಮನೆಯಲ್ಲೇ ನೋಡಿ, ನೀರಿನ ವಾಲ್ವ್ ಅಲ್ಲಿಂದಲೇ ತೆರೆದು ಮುಚ್ಚಬೇಕಿತ್ತು. ಮೊದಲು ಸಿಮ್800ಎಲ್ ಹಾಕಿದ್ದೆ, ಸಿಮ್ ಹಾಕಿ ಮೊಬೈಲ್ ನೆಟ್‌ವರ್ಕಲ್ಲಿ ಮಾತಾಡೋ ಮಾಡ್ಯೂಲ್. ಟವರ್ ಹುಡುಕುವಾಗ ಅದು 2 ಆಂಪಿಯರ್ ಎಳೆದು ಬೋರ್ಡೇ ರೀಸೆಟ್ ಆಗೋದು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ, ಆ ಕಾಟ ನಿಂತಿತು. ಸಿಗ್ನಲ್ ಎಲ್ಲಿಂದ ತರೋದು? ರೀಚಾರ್ಜ್ ಸೇರಿ ಎರಡೂವರೆ ಸಾವಿರ ನೀರಿಗೆ ಹೋಯ್ತು.

ಆಮೇಲೆ ಲೋರಾ, ಸಿಮ್ಮೂ ಟವರ್ರೂ ಬೇಡದೆ ಕಡಿಮೆ ಕರೆಂಟಲ್ಲಿ ದೂರ ಮುಟ್ಟೋ ರೇಡಿಯೋ. 865ರಿಂದ 867 ಮೆಗಾಹರ್ಟ್ಸ್ ಒಳಗಿದ್ದರೆ ಲೈಸೆನ್ಸ್ ಬೇಡ. ಆಂಟೆನಾ ಹಾಕದೆ ಟೆಸ್ಟ್ ಮಾಡಿ ಒಂದು ಮಾಡ್ಯೂಲ್ ಸುಟ್ಟೆ, ಗೊತ್ತಿದ್ದೂ ಮಾಡಿದ್ದು. ತೇವಾಂಶದ ರೀಡಿಂಗ್ ಮನೆಗೆ ಸರಿಯಾಗೇ ಬರ್ತಿತ್ತು. ಮನೆಯಿಂದ ಕಳಿಸಿದ ಕಮಾಂಡ್ ಮಾತ್ರ ಹತ್ತರಲ್ಲಿ ಒಂಬತ್ತು ತಲುಪುತ್ತಿರಲಿಲ್ಲ. ಎರಡು ವಾರ ಆಂಟೆನಾ ಮೇಲೆ ಕೆಳಗೆ ಮಾಡಿದೆ. ಅಸಲಿಗೆ ತೋಟದ ಬೋರ್ಡಿನ ಚಿಪ್ ಇಎಸ್‌ಪಿ32, ಬ್ಯಾಟರಿ ಉಳಿಸೋಕೆ ಡೀಪ್ ಸ್ಲೀಪ್ ಅನ್ನೋ ಗಾಢ ನಿದ್ದೆಯಲ್ಲಿತ್ತು, ಕೇಳೋರೇ ಇರಲಿಲ್ಲ!

ಈಗ ಕಮಾಂಡ್ ಮನೆಯ ಗೇಟ್‌ವೇಯಲ್ಲೇ (ತೋಟದ ಜೊತೆ ಮಾತಾಡೋ ಮನೆ ಕಡೆಯ ಬೋರ್ಡು) ಕಾದಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಸೆನ್ಸರ್ ಎದ್ದು ರೀಡಿಂಗ್ ಕಳಿಸಿ, ಎರಡು ಸೆಕೆಂಡ್ ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ಆ ಎರಡು ಸೆಕೆಂಡಲ್ಲೇ ತಲುಪಿಸಬೇಕು. ಲೋರಾ ಮೇಲೆ ನಡೆಯೋ ನೆಟ್‌ವರ್ಕ್ ನಿಯಮ ಲೋರಾವಾನ್, ಅದರ ಕ್ಲಾಸ್ ಎ ಮಾಡೋದೂ ಇದನ್ನೇ, ನಾನು ಓದಿದ್ದು ಆಮೇಲೆ. ಗೇಟ್‌ವೇ ಉತ್ತರವನ್ನು ಎಷ್ಟು ಮಿಲಿಸೆಕೆಂಡ್ ತಡೆದು ಬಿಡಬೇಕು ಅನ್ನೋದನ್ನು ಮಾತ್ರ ಹೇಳಲ್ಲ, ಅದಕ್ಕೆ ಮೂರು ರಾತ್ರಿ ನಿದ್ದೆ ಕೊಟ್ಟಿದ್ದೇನೆ.

ದೊಡ್ಡ ಪೆಟ್ಟು ತಿಂದದ್ದು ಬೇರೆ ಕಡೆ. ವಾಲ್ವಿಗೆ ಒಂದೇ ಕಮಾಂಡ್ ಇಟ್ಟಿದ್ದೆ: ತೆರೆದಿದ್ದರೆ ಮುಚ್ಚು, ಮುಚ್ಚಿದ್ದರೆ ತೆರೆ. ಒಂದು ರಾತ್ರಿ ವಾಲ್ವ್ ಮುಚ್ಚಿತು, ಆದರೆ 'ಆಯ್ತು' ಅನ್ನೋ ಉತ್ತರ ದಾರಿಯಲ್ಲೇ ಕಳೆದುಹೋಯ್ತು. ಗೇಟ್‌ವೇ ಅದೇ ಕಮಾಂಡ್ ಮತ್ತೆ ಕಳಿಸಿತು, ವಾಲ್ವ್ ತೆರೆಯಿತು. ಬೆಳಿಗ್ಗೆ ನೋಡಿದರೆ ಹತ್ತು ಸಾವಿರ ಲೀಟರ್ ಟ್ಯಾಂಕ್ ಖಾಲಿ, ಬುಡದಲ್ಲಿ ಕೆಸರಷ್ಟೇ. ಅಪ್ಪ ಎರಡು ದಿನ ಮಾತಾಡಲಿಲ್ಲ. ಈಗ 'ತೆರೆ', 'ಮುಚ್ಚು' ಬೇರೆ ಬೇರೆ, ಪ್ರತಿ ಕಮಾಂಡಿಗೂ ನಂಬರ್; ಅದೇ ನಂಬರ್ ಮತ್ತೆ ಬಂದರೆ ಬರೀ ಉತ್ತರ, ಕೆಲಸ ಇಲ್ಲ.

ಖರ್ಚು ವಾಲ್ವ್ ಬಿಟ್ಟು ಒಂದು ಪಾಯಿಂಟಿಗೆ ಸಾವಿರದ ನಾನೂರು ಚಿಲ್ಲರೆ. ಡೆವ್ ಬೋರ್ಡಿನಲ್ಲಿ (ಯುಎಸ್‌ಬಿ, ಲೈಟು ಎಲ್ಲ ಇರೋ ರೆಡಿ ಬೋರ್ಡು, ಮಲಗಿದಾಗಲೂ ಕರೆಂಟ್ ಕುಡಿಯುತ್ತೆ) 18650 ಲಿಥಿಯಂ ಸೆಲ್ ಇಪ್ಪತ್ತೇ ದಿನ ಬಂತು. ಬರೀ ಮಾಡ್ಯೂಲಿಗೆ ಬೆಸುಗೆ ಹಾಕಿದ್ದು ನಾಲ್ಕು ತಿಂಗಳಾದರೂ ನಡೀತಿದೆ.

ಮಂಗ ಓಡಿಸೋಕೆ ಅದೇ ಬೋರ್ಡಿಗೆ ಬಝರ್ ಕಟ್ಟಿದ್ದೆ. ಮೂರು ದಿನ ಓಡಿದವು. ನಾಲ್ಕನೇ ದಿನ ಬಝರ್ ವೈರ್ ಸಮೇತ ಮರದ ಮೇಲಿತ್ತು.