ನಾಲ್ಕನೆಯ ಪೆಟ್ಟಿಗೆಯ 212 ಸಿನಿಮಾಗಳು

ಪೆಟ್ಟಿಗೆಗಳಲ್ಲಿ ಇಟ್ಟಿರುವ ನನ್ನ ಸಿನಿಮಾ ಡಿಸ್ಕ್‌ಗಳಿಗೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿದೆ. ಅದರಲ್ಲಿ ಎರಡೆರಡು ಸಲ ಸೇರಿಕೊಂಡಿದ್ದ ಸಿನಿಮಾಗಳನ್ನು ಕಿತ್ತುಹಾಕಲು ಕುಳಿತಿದ್ದೆ. ಫಿಲ್ಟರ್‌ನಲ್ಲಿ ‘ನಕಲು’ ಎಂದಿರಬೇಕಾದ ಕಡೆ ‘ನಾಲ್ಕನೆಯ ಪೆಟ್ಟಿಗೆ’ ಎಂದೇ ಉಳಿದಿತ್ತು. ನೋಡದೆ ಎಲ್ಲವನ್ನೂ ಆಯ್ದು ಡಿಲೀಟ್ ಒತ್ತಿದೆ. ‘ಖಚಿತವೇ?’ ಎಂದು ಕೇಳಿತು. ಅದು ದಿನವೂ ಕೇಳುತ್ತದೆ, ನಾನು ದಿನವೂ ಹೌದು ಎನ್ನುತ್ತೇನೆ. 212 ಸಿನಿಮಾಗಳು ಹೋದವು.

ಗಾಬರಿಯಲ್ಲಿ ತಂತ್ರಾಂಶವನ್ನು ಮುಚ್ಚಿಬಿಟ್ಟೆ. ಅಳಿಸಿದ್ದಕ್ಕಿಂತ ದೊಡ್ಡ ತಪ್ಪು ಅದು. ನನ್ನ ಪಟ್ಟಿ ಇರುವುದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ, ಅಂದರೆ ಮಾಹಿತಿಯನ್ನು ಕೋಷ್ಟಕಗಳಾಗಿ ಫೈಲಿನಲ್ಲಿಡುವ ವ್ಯವಸ್ಥೆಯಲ್ಲಿ, ಅದೂ ‘ವಾಲ್’ ಎಂಬ ವಿಧಾನದಲ್ಲಿ. ಹೊಸ ಬದಲಾವಣೆ ಮೊದಲು ಪಕ್ಕದ ಇನ್ನೊಂದು ಫೈಲಿಗೆ ಬೀಳುತ್ತದೆ. ಅಲ್ಲಿ ಸುಮಾರು 1,000 ಪುಟ (ಫೈಲಿನ ಒಂದೊಂದು ತುಂಡಿಗೆ ಪುಟ ಎನ್ನುತ್ತಾರೆ) ತುಂಬಿದಾಗ ಅಥವಾ ತಂತ್ರಾಂಶ ಮುಚ್ಚಿದಾಗ ಮೂಲ ಫೈಲಿಗೆ ಸೇರುತ್ತದೆ. ಮುಚ್ಚುವ ಮೊದಲು ಮೂಲ ಫೈಲೊಂದನ್ನೇ ನಕಲು ಮಾಡಿಕೊಂಡಿದ್ದರೆ ಅಷ್ಟೂ ಅದರಲ್ಲೇ ಸಿಗುವ ಸಾಧ್ಯತೆಯಿತ್ತು. ಇದು ತಿಳಿದದ್ದು ಮರುದಿನ.

ಅಷ್ಟಾದ ಮೇಲೆ ಬುದ್ಧಿ ಬಂತು. ಫೈಲಿನ ಪ್ರತಿ ತೆಗೆದು ಕೆಲಸವನ್ನೆಲ್ಲ ಪ್ರತಿಯ ಮೇಲೆಯೇ ಮಾಡಿದೆ. ಹೊಸ ಸಿನಿಮಾ ಸೇರಿಸಲಿಲ್ಲ, ಖಾಲಿ ಜಾಗ ತೆಗೆದು ಫೈಲನ್ನು ಹೊಸದಾಗಿ ಬರೆಯುವ ‘ವ್ಯಾಕ್ಯೂಮ್’ ಆದೇಶದ ಹತ್ತಿರವೂ ಸುಳಿಯಲಿಲ್ಲ. ಅಳಿಸಿದ ಸಾಲಿನ ಜಾಗ ಖಾಲಿ ಎಂದು ಗುರುತಾಗುತ್ತದೆ, ಬರಹ ಅಲ್ಲೇ ಇರುತ್ತದೆ. ‘ಸೆಕ್ಯೂರ್ ಡಿಲೀಟ್’ ಎಂಬ ಆಯ್ಕೆ ಚಾಲೂ ಇದ್ದರೆ ಮಾತ್ರ ಆ ಜಾಗಕ್ಕೆ ಸೊನ್ನೆ ತುಂಬಿರುತ್ತದೆ. ಪುಣ್ಯಕ್ಕೆ ನನ್ನಲ್ಲಿ ಇರಲಿಲ್ಲ.

ಐದು ತಿಂಗಳ ಹಿಂದಿನ ಬ್ಯಾಕಪ್ಪನ್ನು ‘ಅಟ್ಯಾಚ್’ ಮಾಡಿ, ಅಂದರೆ ಈಗಿನ ಫೈಲಿನ ಜೊತೆಗೇ ತೆರೆದು, ಈಗಿನ ಪಟ್ಟಿಯಲ್ಲಿಲ್ಲದ ಸಾಲುಗಳನ್ನು ಎಳೆದುಕೊಂಡೆ. 171 ಬಂದವು. ಹಳೆಯ ಐಡಿ ಸಂಖ್ಯೆಗಳನ್ನೂ ಹಾಗೆಯೇ ತಂದದ್ದು ಒಳ್ಳೆಯದಾಯಿತು. ನನ್ನ ಟಿಪ್ಪಣಿಗಳಿರುವುದು ಬೇರೆ ಕೋಷ್ಟಕದಲ್ಲಿ, ಅವು ಸಿನಿಮಾಕ್ಕೆ ಅಂಟಿಕೊಂಡಿರುವುದು ಐಡಿಯಿಂದಲೇ. ಹೆಸರು, ವರ್ಷ, ಪೋಸ್ಟರ್ ಎಲ್ಲಿಂದಲಾದರೂ ಮತ್ತೆ ತರಬಹುದು. ಯಾರ ಜೊತೆ ನೋಡಿದೆ, ಯಾರಿಗೆ ಕೊಟ್ಟೆ ಎಂಬುದನ್ನು ಎಲ್ಲಿಂದ ತರುವುದು?

ಉಳಿದ 41ಕ್ಕೆ ಎಸ್‌ಕ್ಯೂಲೈಟಿನದೇ ‘ರಿಕವರ್’ ಆದೇಶ ಕೊಟ್ಟೆ. ಹಾಳಾದ ಫೈಲನ್ನು ಎತ್ತಲೆಂದು ಇರುವ ಆದೇಶವಿದು, ಖಾಲಿ ಪುಟಗಳನ್ನೂ ಜಾಲಾಡುತ್ತದೆ. ಯಾವ ಕೋಷ್ಟಕದ್ದೆಂದು ಗೊತ್ತಾಗದ ಸಾಲುಗಳನ್ನು ‘ಲಾಸ್ಟ್ ಆ್ಯಂಡ್ ಫೌಂಡ್’ ಎಂಬ ಕೋಷ್ಟಕಕ್ಕೆ ಸುರಿಯುತ್ತದೆ. ಕಾಲಂಗಳಿಗೆ ಹೆಸರಿಲ್ಲ, ಸಿ0, ಸಿ1 ಎಂದಷ್ಟೇ. 1974 ಎಂಬ ಅಂಕಿ ಕಂಡಾಗ ಇದು ವರ್ಷದ ಕಾಲಂ ಎಂದು ಊಹಿಸಿಕೊಂಡು ಒಂದು ಸಂಜೆ ಕಳೆದೆ. 29 ಸಿಕ್ಕವು.

ಇನ್ನು 12. ಇವು ಅರ್ಧ ಖಾಲಿಯಾದ ಪುಟಗಳಲ್ಲಿದ್ದವು. ಅಲ್ಲಿ ಅಳಿಸಿದ ಸಾಲಿನ ಮೊದಲ 4 ಬೈಟ್‌ಗಳ ಮೇಲೆ ಬೇರೆ ಲೆಕ್ಕ ಬರೆದಿರುತ್ತದೆ, ಸಾಲಿಗೆ ತಲೆಯೇ ಇಲ್ಲದಂತಾಗುತ್ತದೆ. ‘ಸ್ಟ್ರಿಂಗ್ಸ್’ ಎಂಬ ಸಾಧನದಿಂದ ಫೈಲಿನ ಅಕ್ಷರಗಳನ್ನು ಹೆಕ್ಕಿದೆ. ಇಂಗ್ಲಿಷ್ ಹೆಸರುಗಳು ಬಂದವು, ಕನ್ನಡದ್ದು ಒಂದೂ ಇಲ್ಲ. ಕನ್ನಡ ಅಕ್ಷರವೊಂದು ಮೂರು ಬೈಟ್, ಈ ಸಾಧನ ತಾನಾಗಿ ಹುಡುಕುವುದು ಆಸ್ಕಿ ಅಕ್ಷರಗಳನ್ನು, ಅಂದರೆ ಒಂದೇ ಬೈಟಿನ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು. ಫೈಲಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ವೀಕ್ಷಕದಲ್ಲಿ ತೆರೆದಾಗ ‘ಇ ಸೊನ್ನೆ, ಬಿ ಎರಡು’ ಎಂಬ ಜೋಡಿ ಸಾಲುಗಟ್ಟಿ ಕಂಡಿತು. ಕನ್ನಡದ ಗುರುತು ಅದು. 8 ಬಿಟ್ಟಿನ ಅಕ್ಷರಗಳನ್ನೂ ತೋರಿಸು ಎಂಬ ಆಯ್ಕೆ ಸೇರಿಸಿ ಮತ್ತೆ ಓಡಿಸಿದರೆ ಹೆಸರುಗಳು, ಟಿಪ್ಪಣಿಗಳು ಹೊರಬಂದವು. 9 ಸಿನಿಮಾಗಳನ್ನು ಕೈಯಿಂದಲೇ ಜೋಡಿಸಿದೆ.

ಮೂರು ಸಿಗಲೇ ಇಲ್ಲ. ಎರಡನ್ನು ಪೆಟ್ಟಿಗೆಯಲ್ಲಿದ್ದ ಡಿಸ್ಕ್ ನೋಡಿ ಮತ್ತೆ ಬರೆದೆ. ಮೂರನೆಯದರ ಜಾಗ ಪೆಟ್ಟಿಗೆಯಲ್ಲೂ ಖಾಲಿ. ಯಾರಿಗೋ ಕೊಟ್ಟಿದ್ದೇನೆ, ಯಾರಿಗೆಂಬ ಟಿಪ್ಪಣಿ ಅದರ ಜೊತೆಗೇ ಹೋಗಿದೆ.