ಮಧ್ಯಾಹ್ನದ ಪೀಡೆ ಬಿಡಿಸಿದ್ದು ತೆಂಗಿನ ನಾರು

ಮನುಷ್ಯನನ್ನು ಕಾಡುವ ಕೆಟ್ಟ ಆಲೋಚನೆಗಳು ಎಂಟು ಅಂತ ಕ್ರೈಸ್ತ ಸನ್ಯಾಸಿ ಎವಾಗ್ರಿಯಸ್ ಪಟ್ಟಿ ಮಾಡಿದ್ದಾನೆ. ನನ್ನನ್ನು ಹಿಡಿದಿದ್ದು ಆರನೆಯದು, ಅಕೀಡಿಯಾ. ಅಂದರೆ ಮಾಡುವ ಕೆಲಸದಲ್ಲಿ, ಇರುವ ಜಾಗದಲ್ಲಿ ಮನಸ್ಸು ನಿಲ್ಲದ ಬೇಸರ, ಜಡ; ಮಧ್ಯಾಹ್ನದ ಪೀಡೆ ಅನ್ನುವುದೂ ಇದನ್ನೇ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಇದರ ಕಾಟ, ಹೊತ್ತು ಕದಲುವುದೇ ಇಲ್ಲ, ದಿನಕ್ಕೆ 50 ಗಂಟೆ ಇದ್ದ ಹಾಗೆ ಅನಿಸುತ್ತದೆ ಅಂತ ಆತ ಬರೆದಿದ್ದು ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ. ಮನೆಯಲ್ಲೇ ಕೂತು ಕರಡು ತಿದ್ದುವ ನನಗೂ ಅದೇ ಹೊತ್ತು. ಕಿಟಕಿ ಹತ್ತಿರ ಹೋಗು, ಯಾರಾದರೂ ಬರ್ತಾರಾ ನೋಡು, ಈ ಮನೆಯೇ ಸರಿಯಿಲ್ಲ ಅನ್ನು ಅಂತ ಮನಸ್ಸು ಎಳೆಯುತ್ತಿತ್ತು. ಪುಟಕ್ಕೆ 15 ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ ಆರೇಳು ಸಾವಿರ ಕೈತಪ್ಪುತ್ತಿತ್ತು.

ಮೊದಲು ಜಾಗ ಬದಲಾಯಿಸಿದೆ. ಬಾಡಿಗೆ ಮೇಜಿಗೆ ತಿಂಗಳಿಗೆ ಸುಮಾರು 5,000. ಎರಡನೇ ವಾರಕ್ಕೆ ಅಲ್ಲೂ ಕಿಟಕಿ ಹುಡುಕುತ್ತಿದ್ದೆ. ಧ್ಯಾನಕೂಟಕ್ಕೆ ಇನ್ನೊಂದು ನಾಲ್ಕು ಸಾವಿರ ಹೋಯಿತು. ಅಲ್ಲಿದ್ದಷ್ಟು ದಿನ ಹಿತವಾಗಿತ್ತು, ಅಷ್ಟೇ. ಮಧ್ಯಾಹ್ನ ಮೂರರವರೆಗೆ ಉಪವಾಸವನ್ನೂ ಮಾಡಿ ನೋಡಿದೆ. ಜಡ ಹೋಗಿ ಸಿಟ್ಟು ಬಂತು. ಅದೂ ಆ ಎಂಟರಲ್ಲೇ ಒಂದು ಅಲ್ವಾ!

ಆಮೇಲೆ ಈಜಿಪ್ಟಿನ ಇನ್ನೊಬ್ಬ ಸನ್ಯಾಸಿ, ಸಂತ ಅಂತೋಣಿಯ ದಾರಿ ಹಿಡಿದೆ. ಮರುಭೂಮಿಯಲ್ಲಿ ಆತನಿಗೂ ಇದೇ ಕಾಟ ಬಂದಾಗ, ತನ್ನ ಹಾಗೇ ಇರುವವನೊಬ್ಬ ಕೂತು ಹಗ್ಗ ಹೆಣೆಯುವುದು, ಎದ್ದು ಪ್ರಾರ್ಥಿಸುವುದು, ಮತ್ತೆ ಕೂತು ಹೆಣೆಯುವುದು ಕಾಣಿಸಿತಂತೆ. ನಾನೂ ತೆಂಗಿನ ನಾರು ತಂದೆ. ನಾಲ್ಕು ಪುಟ ತಿದ್ದಿದ ಮೇಲೆ ಒಂದು ಮೊಳ ಹೊಸೆಯುವುದು. ಎದ್ದು ನಿಂತು ಬೈಬಲಿನ ಒಂದು ಕೀರ್ತನೆ. ಮತ್ತೆ ಪುಟ. ಏನೇ ಆದರೂ ಎರಡು ಗಂಟೆವರೆಗೆ ಕೋಣೆ ಬಿಡುವ ಹಾಗಿಲ್ಲ.

ನಮ್ಮ ಪ್ರಾರ್ಥನಾ ಗುಂಪಿನವರು "ಹಗ್ಗ ಮಾರ್ತೀರಾ?" ಅಂತ ಕೇಳಿದರು. ಮಾರಲ್ಲ. ಅಬ್ಬಾ ಪೌಲ ಅನ್ನುವ ಮರುಭೂಮಿಯ ಸನ್ಯಾಸಿಯೂ ಮಾರುತ್ತಿರಲಿಲ್ಲ, ಆತನಿಗೆ ಪೇಟೆ ತುಂಬ ದೂರ. ವರ್ಷವಿಡೀ ಮಾಡಿದ ಕೈಕೆಲಸವನ್ನೆಲ್ಲ ಆತ ವರ್ಷದ ಕೊನೆಗೆ ಸುಟ್ಟುಬಿಡುತ್ತಿದ್ದ ಅಂತ ಈ ಸನ್ಯಾಸಿಗಳ ಬಗ್ಗೆ ಬರೆದ ಕ್ಯಾಸಿಯನ್ ಹೇಳುತ್ತಾನೆ. ನಾನು ಶನಿವಾರ ಬಿಚ್ಚಿ, ಸೋಮವಾರ ಅದೇ ನಾರನ್ನು ಹೊಸೆಯುತ್ತೇನೆ. ನಾರಿಗೆ ಆದ ಖರ್ಚು ನೂರು ರೂಪಾಯಿ ಒಳಗೆ.

ಅಳು ಬಂದ ದಿನಗಳೂ ಇದ್ದವು. ಅಂಥ ಹೊತ್ತಿಗೆ ಮನಸ್ಸನ್ನು ಎರಡು ಪಾಲು ಮಾಡು, ಒಂದು ಇನ್ನೊಂದನ್ನು ಸಂತೈಸಲಿ ಅನ್ನುತ್ತಾನೆ ಎವಾಗ್ರಿಯಸ್. 42ನೇ ಕೀರ್ತನೆಯಲ್ಲಿ ಇರುವುದೂ ಅದೇ, ನನ್ನ ಮನವೇ ಯಾಕೆ ಕುಗ್ಗಿದ್ದೀಯ ಅಂತ ತನ್ನನ್ನೇ ಕೇಳಿಕೊಳ್ಳುವುದು. ಅದನ್ನು ಜೋರಾಗಿ ಹೇಳಬೇಕು, ಮನಸ್ಸಲ್ಲಿ ಅಂದುಕೊಂಡರೆ ಸಾಲದು. ಪೀಡೆಗೆ ಎದುರುತ್ತರ ಕೊಡಲು ನಾನು ಆರಿಸಿಕೊಂಡ ಬೇರೆ ಬೈಬಲ್ ವಚನಗಳನ್ನು ಮಾತ್ರ ಇಲ್ಲಿ ಬರೆಯಲ್ಲ. ನಿಮ್ಮನ್ನು ಕಾಡುವ ಮಾತು ಯಾವುದೋ, ಅದಕ್ಕೆ ತಕ್ಕದ್ದನ್ನು ನೀವೇ ಹುಡುಕಿಕೊಳ್ಳಿ.

ಮೂರು ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ 30 ಪುಟ ಇದ್ದದ್ದು 50ರ ಹತ್ತಿರ ಬಂತು. ಹಗ್ಗ ಮಾರ್ತೀರಾ ಅಂದವರಲ್ಲಿ ಇಬ್ಬರು ಈಗ ನಾರು ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ನಾರು ಸಿಗದಿದ್ದರೆ ಹತ್ತಿ ದಾರವಾದರೂ ಸಾಕು ಅಂದಿದ್ದೇನೆ.